ಮುರಿಯದ ರೊಟ್ಟಿ

ಹೊಳಲ್ಕೆರೆ
12 ಜೂನ್ 2024

ಪ್ರಭು,

ಬೆಳಗಿನಿಂದ ನಿನ್ನ ಫೋನು ಬರುತ್ತಲೇ ಇದೆ. ನಾನು ತೆಗೆದುಕೊಳ್ಳುತ್ತಿಲ್ಲ. ರೋಜಾಳಿಗೂ ತೆಗೆದುಕೊಳ್ಳಬೇಡ ಎಂದಿದ್ದೇನೆ. ಸಿಟ್ಟಿನಿಂದ ಮಾತ್ರ ಅಲ್ಲ, ನಿನ್ನ ಗಂಟಲು ನನಗೆ ಗೊತ್ತಿರುವುದರಿಂದ. ಹಿರಿಯೂರಿನ ನಿನ್ನ ಸಭೆ ತುಂಬುವುದೇ ಆ ಗಂಟಲಿನಿಂದ. ಸ್ವಲ್ಪ ಹೊತ್ತು ಕೇಳಿದರೆ ನನ್ನಂಥ ಒರಟು ಸ್ಕೂಲ್ ಮೇಡಮ್ಮೂ ಕರಗಿಬಿಡುತ್ತಾಳೆ. ಅದಕ್ಕೇ ನೀನೂ ಕಾಗದ ಬರೆ. ಕಾಗದದಲ್ಲಿ ಗಂಟಲು ಕೇಳಿಸುವುದಿಲ್ಲ, ಹೇಳಿದ್ದು ಮಾತ್ರ ಉಳಿಯುತ್ತದೆ.

ನಿನ್ನ ಹೆಂಡತಿ ರೋಜಾ ನಿನ್ನೆ ಸಂಜೆ ಚಿತ್ರದುರ್ಗದಲ್ಲಿ ಬಸ್ಸು ಬದಲಾಯಿಸಿ ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಚೀಲ. ಸೆರಗನ್ನು ಎಡಗೆನ್ನೆಗೆ ಒತ್ತಿಕೊಂಡಿದ್ದಳು.

"ಹಲ್ಲು ನೋವೇನೇ?" ಅಂದೆ.

ಸೆರಗು ತೆಗೆದಳು. ಕಣ್ಣಿನ ಕೆಳಗೆ, ಊದಿದ ಕೆನ್ನೆಯ ಮೇಲೆ, ಶಿಲುಬೆಯ ಗುರುತು ಮೂಡಿತ್ತು. ಸಭೆಯವರು ನಿನ್ನ ಸಭಾಪಾಲಕ ಅಭಿಷೇಕದ ದಿನ ತೊಡಿಸಿದ ಉಂಗುರದ ಶಿಲುಬೆ.

ಯಾಕೆ ಅಂತ ಕೇಳಿದರೆ, "ಸಾರು ಆರಿತ್ತಕ್ಕ" ಅಂದಳು. ಆಮೇಲೆ, "ಸಾರಲ್ಲ ಬಿಡ್ರಿ, ಏನಾರ ಒಂದು ಇರ್ತೈತೆ" ಅಂದು ಮಲಗಿಬಿಟ್ಟಳು.

ನೀನು ನನ್ನ ಚಿಕ್ಕಪ್ಪನ ಮಗ. ಹೈಸ್ಕೂಲು ಓದಿದ್ದು ಈ ಮನೆಯಲ್ಲಿ, ಕುಡಿದು ಬಂದು ಬಿದ್ದದ್ದೂ ಈ ಮನೆಯ ಜಗಲಿಯಲ್ಲಿ. ಕುಡಿತ ಬಿಟ್ಟು, ಮಾರಿಕಣಿವೆಯ ಹಿನ್ನೀರಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡ ದಿನ ಟವೆಲು ಹಿಡಿದು ದಡದಲ್ಲಿ ನಿಂತಿದ್ದವಳು ನಾನು. ನೀರಿನಿಂದ ಮೇಲೆದ್ದು, "ಅಕ್ಕ, ಹಳೇ ಪ್ರಭು ನೀರಾಗೇ ಉಳಕಂಡ" ಅಂದಿದ್ದೆ. ನಾನು ನಂಬಿದ್ದೆ. ಈಗ ನೀನೇ ಬರೆದು ತಿಳಿಸು. ರೋಜಾಳ ಕೆನ್ನೆಗೆ ಹೊಡೆದವನು ಯಾರು?

ಯಶೋದಾ


ಹಿರಿಯೂರು
19 ಜೂನ್ 2024

ಕರ್ತನ ಕೃಪೆಯಲ್ಲಿ ನೆಲೆಗೊಂಡಿರುವ ಯಶೋದಕ್ಕನವರಿಗೆ ತಮ್ಮ ಪ್ರಭುವಿನ ವಂದನೆಗಳು.

ನಿಮ್ಮ ಪತ್ರ ಓದಿ ಮೊಣಕಾಲೂರಿ ಅತ್ತೆ. ಆ ದಿನ ಆಗಬಾರದ್ದು ಆಗಿಹೋಯಿತು. ಕೈ ಮೇಲೆದ್ದದ್ದು ನನಗೇ ತಿಳಿಯಲಿಲ್ಲ. ಸೈತಾನನು ದೇವಸೇವಕರ ಮನೆಗಳನ್ನೇ ಮೊದಲು ಹುಡುಕುತ್ತಾನೆ ಎಂಬುದು ನಿಮಗೆ ತಿಳಿಯದ್ದಲ್ಲ.

ಹೊಡೆದವನು ಯಾರು ಎಂದು ಕೇಳಿದ್ದೀರಿ. ಪೌಲನಂಥ ಪೌಲನೇ ಬೈಬಲಿನಲ್ಲಿ ರೋಮಾಪುರದ ಸಭೆಗೆ ಬರೆಯುವಾಗ, ಮಾಡಬೇಕೆಂದದ್ದನ್ನು ಮಾಡಲಾರೆ, ಬೇಡವೆಂದದ್ದನ್ನೇ ಮಾಡುತ್ತೇನೆ, ಹಾಗೆ ಮಾಡುವವನು ನಾನಲ್ಲ, ನನ್ನೊಳಗೆ ಬಿಡಾರ ಹೂಡಿರುವ ಪಾಪ ಎಂದು ಗೋಳಾಡಿದ್ದಾನೆ. ಅಪೊಸ್ತಲನ ಗತಿಯೇ ಅದಾದರೆ ಈ ಪ್ರಭು ಯಾವ ಲೆಕ್ಕ? ನಂಬಿದವರಲ್ಲೂ ಹಳೆಯ ಮನುಷ್ಯ ಸಾಯುವುದಿಲ್ಲ ಅಕ್ಕ. ದೇಹ ಮಣ್ಣಾಗುವವರೆಗೆ ಅವನ ಆಳಿಕೆ ತಪ್ಪದು. ರೋಜಾ ಇದನ್ನು ಅರ್ಥ ಮಾಡಿಕೊಂಡು ನನಗಾಗಿ ಪ್ರಾರ್ಥಿಸಬೇಕಾಗಿತ್ತು, ಬಸ್ಸು ಹತ್ತಬಾರದಾಗಿತ್ತು.

ಸಭೆಯಲ್ಲಿ ಎಲ್ಲರೂ ಅಮ್ಮನವರೆಲ್ಲಿ ಎಂದು ಕೇಳುತ್ತಿದ್ದಾರೆ. ನಿಮ್ಮ ಮಂಡಿ ನೋವು ಹೆಚ್ಚಾಗಿ ನೋಡಿಕೊಳ್ಳಲು ಹೋಗಿದ್ದಾಳೆ ಎಂದಿದ್ದೇನೆ. ಜುಲೈ ಮೊದಲನೇ ಭಾನುವಾರ ರೊಟ್ಟಿ ಮುರಿದು ಎಲ್ಲರಿಗೂ ಹಂಚುವ ಆರಾಧನೆ. ಅಷ್ಟರೊಳಗೆ ಕಳಿಸಿಕೊಡಿ. ಅವಳು ತನ್ನ ಜಾಗದಲ್ಲಿ ಕೂತಿರುವುದನ್ನು ಜನ ನೋಡಿದರೆ ಸಾಕು.

ನಿಮ್ಮ ಪ್ರೀತಿಯ ತಮ್ಮ,
ಪ್ರಭು, ಸಭಾಪಾಲಕ


ಹೊಳಲ್ಕೆರೆ
24 ಜೂನ್ 2024

ಪ್ರಭು,

ನನ್ನ ಮಂಡಿ ಚೆನ್ನಾಗಿದೆ. ಹೋದ ವಾರ ರಾಮಗಿರಿ ಬೆಟ್ಟ ಹತ್ತಿ ಇಳಿದೆ. ನಿನ್ನ ಸಭೆಯವರಿಗೆ ತಿಳಿಸು.

ಪೌಲನ ಆ ಕಾಗದವನ್ನು ನಾನೂ ಓದಿದ್ದೇನೆ. ನೀನು ನಡುವಿನ ಒಂದು ಹಾಳೆಯನ್ನು ಮಾತ್ರ ಹರಿದಿಟ್ಟುಕೊಂಡಿದ್ದೀಯ. ಅದರ ಹಿಂದಿನ ಹಾಳೆಯಲ್ಲಿ ಅವನೇ, ಪಾಪ ಇನ್ನು ನಿಮ್ಮ ಯಜಮಾನನಲ್ಲ, ನಿಮ್ಮ ಕೈಕಾಲುಗಳನ್ನು ಅದಕ್ಕೆ ಒಪ್ಪಿಸಬೇಡಿ ಎನ್ನುತ್ತಾನೆ. ಮುಂದಿನ ಹಾಳೆಯಲ್ಲಿ ಬಿಡುಗಡೆಯ ಮಾತು ತೆಗೆಯುತ್ತಾನೆ. ನಡುವೆ ಗೋಳಾಡುವವನು ನಂಬುವ ಮೊದಲಿನ ಮನುಷ್ಯನೋ, ನಂಬಿದ ಮೇಲಿನವನೋ ಎಂದು ಪಂಡಿತರು ನೂರಾರು ವರ್ಷಗಳಿಂದ ಕಚ್ಚಾಡಿದ್ದಾರೆ. ಅವರ ಜಗಳ ಅವರಿಗಿರಲಿ. ಎರಡೂ ಪಕ್ಷಗಳಲ್ಲಿ ಯಾರೂ ಅದನ್ನು ಹೆಂಡತಿಗೆ ಹೊಡೆದವನ ರಜಾಚೀಟಿ ಎಂದು ಹೇಳಿದ್ದು ನಾನು ಕಾಣೆ. ಪೌಲ ಅಲ್ಲಿ ಅಳುತ್ತಾನೆ. ನೀನು ವಕೀಲಿಕೆ ಮಾಡುತ್ತೀಯ.

ಇದು ಮೊದಲನೇ ಸಲವಲ್ಲ ಎಂದು ರೋಜಾ ಮೊನ್ನೆ ಬಾಯಿ ಬಿಟ್ಟಳು. ಅದಕ್ಕಿಂತ ನನ್ನನ್ನು ಸುಟ್ಟದ್ದು ಇನ್ನೊಂದು ಮಾತು. ಹೊಡೆತ ತಿಂದ ಮೇಲೂ ತಿಂಗಳ ಮೊದಲ ಭಾನುವಾರ ನೀನು ರೊಟ್ಟಿ ಹಿಡಿದು, "ಯಾರಿಗಾದ್ರೂ ಯಾರ ಮ್ಯಾಲಾದ್ರೂ ಏನಾದ್ರೂ ಐತಾ?" ಎಂದು ಕೇಳಿದಾಗ, ಅವಳು ಎಲ್ಲರ ಜೊತೆ "ಇಲ್ಲ" ಎನ್ನುತ್ತಿದ್ದಳಂತೆ. ನೀನು ಅವಳ ಮುಖ ನೋಡಿಕೊಂಡೇ ರೊಟ್ಟಿ ಮುರಿಯುತ್ತಿದ್ದೆಯಂತೆ.

ಆ ಪ್ರಶ್ನೆ ಎಲ್ಲಿಂದ ಬಂತು ಎಂಬುದು ನಿನಗೆ ಗೊತ್ತಿದೆ. ಆದರೂ ಬರೆಯುತ್ತೇನೆ. ಹಿರೇಗುಂಟನೂರು ಹೋಬಳಿಯ ನಮ್ಮ ಹಳ್ಳಿಯಲ್ಲಿ, ಸೈಕಲ್ಲಿನಲ್ಲಿ ಬರುತ್ತಿದ್ದ ಒಬ್ಬ ಅಯ್ಯನವರು ನಮ್ಮ ಕೇರಿಯ ನಾಲ್ಕಾರು ಮನೆಗಳಿಗೆ ಮೊದಲ ಸಲ ಕರ್ತನ ಭೋಜನ ಕೊಟ್ಟಾಗ ಬ್ರೆಡ್ಡು ಯಾರು ಕಂಡಿದ್ದರು? ನಮ್ಮಮ್ಮ ಜೋಳದ ರೊಟ್ಟಿ ತಟ್ಟಿದಳು. ಮುರಿಯುವ ಮೊದಲು, ಯಾರ ಮನಸ್ಸಿನಲ್ಲಾದರೂ ಯಾರ ಮೇಲಾದರೂ ಏನಾದರೂ ಇದ್ದರೆ ಹೇಳಿಬಿಡಿ ಎಂದರು ಅಯ್ಯನವರು. ಊರ ಸಾಹುಕಾರನ ಮನೆಯಲ್ಲಿ ದುಡಿಯುತ್ತಿದ್ದ ನನ್ನಪ್ಪ ದುರುಗಣ್ಣ ಎದ್ದು ನಿಂತ. "ಐತೆ. ಸಾಹುಕಾರನ ಮ್ಯಾಲೆ ಐತೆ" ಅಂದ.

ಅಯ್ಯನವರು ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಅಪ್ಪನ ಕೈಗೆ ಕೊಟ್ಟರು. ನಿನ್ನದು ತೀರಿದ ದಿನ ತಗೊಂಡು ಬಾ, ಅದನ್ನೇ ಮುರಿಯೋಣ ಎಂದರು. ಅಲ್ಲಿಯವರೆಗೆ ಯಾರಿಗೂ ರೊಟ್ಟಿ ಇಲ್ಲ. ಅದು ನಮ್ಮ ಗುಡಿಸಲಿನ ತೊಲೆಗೆ ತೂಗಿತು. ತಿನ್ನುವಂತಿಲ್ಲ, ಎಸೆಯುವಂತಿಲ್ಲ. ಹೊಟ್ಟೆ ಹಸಿದ ಹುಡುಗಿ ನಾನು, ಅದನ್ನೇ ನೋಡುತ್ತಾ ಮಲಗುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಅಪ್ಪ ಸಾಹುಕಾರನ ಅಂಗಳದಲ್ಲಿ ನಿಂತು, ಅವನ ಮುಖಕ್ಕೇ ಎಲ್ಲವನ್ನೂ ಹೇಳಿ ಬಂದ. ಹೇಳಿದ ಮೇಲೆ "ಇಲ್ಲ" ಅಂದ. ಕಲ್ಲಾಗಿದ್ದ ಆ ರೊಟ್ಟಿಯನ್ನು ನೀರಲ್ಲಿ ನೆನೆಸಿ ಎಲ್ಲರಿಗೂ ಹಂಚಿದರು.

ಅಪ್ಪನನ್ನು ಎಬ್ಬಿಸಿ ನಿಲ್ಲಿಸಿದ ಆ ಪ್ರಶ್ನೆಯನ್ನು ನೀನು ಕೆನ್ನೆ ಊದಿದ ಹೆಂಗಸಿಗೆ ಕೇಳಿ, ಸುಳ್ಳು ಉತ್ತರ ಪಡೆದು, ರೊಟ್ಟಿ ತಿಂದಿದ್ದೀಯ.

ರೋಜಾ ಈಗ ಬರುವುದಿಲ್ಲ. ಅವಳ ಹೊಲಿಗೆ ಮೆಷಿನ್ನು ಕಳಿಸು. ಅದು ಅವಳ ತವರಿನವರು ಕೊಟ್ಟದ್ದು. ಇಲ್ಲಿ ಬ್ಲೌಸು ಹೊಲಿಸುವವರಿಗೆ ಬರವಿಲ್ಲ.

ಯಶೋದಾ


ಹಿರಿಯೂರು
20 ಜುಲೈ 2024

ಪ್ರಿಯ ಅಕ್ಕನವರಿಗೆ,

ಉತ್ತರ ತಡವಾಯಿತು, ಕ್ಷಮಿಸಿ. ಮೆಷಿನ್ನನ್ನು ಲಗೇಜ್ ಆಟೋದಲ್ಲಿ ಕಳಿಸಿದ್ದೇನೆ. ನಿಮ್ಮ ಮಾತಿಗೆ ನಾನು ಎದುರಾಡುವವನಲ್ಲ ಎಂಬುದಕ್ಕೆ ಇದೇ ಗುರುತು.

ನೀವು ಮೇಡಮ್ಮಾಗಿದ್ದವರು, ತಪ್ಪು ಕಂಡಲ್ಲಿ ಕೆಂಪು ಗೆರೆ ಎಳೆಯುತ್ತೀರಿ. ಕೃಪೆ ಹಾಗಲ್ಲ. ಅದು ಗೆರೆಯನ್ನೇ ಅಳಿಸುತ್ತದೆ. ಪಾಪಸ್ವಭಾವದಿಂದ ಪೂರ್ತಿ ಬಿಡುಗಡೆ ಪರಲೋಕದಲ್ಲೇ. ಇಲ್ಲಿ ನಾವೆಲ್ಲರೂ ಸಂಕೋಲೆಯನ್ನು ಎಳೆದುಕೊಂಡೇ ನಡೆಯುವವರು. ಇದನ್ನು ಒಪ್ಪಿಕೊಳ್ಳುವುದೇ ದೀನತೆ.

ಜುಲೈ ತಿಂಗಳ ಆರಾಧನೆ ಚೆನ್ನಾಗಿ ಆಯಿತು. ಜನ ಹೆಚ್ಚುತ್ತಿರುವುದರಿಂದ ರೊಟ್ಟಿಗೆ ಮೊದಲು ಒಬ್ಬೊಬ್ಬರ ಬಾಯಲ್ಲೂ ಹೇಳಿಸುವುದು ಸಮಯ ತಿನ್ನುತ್ತದೆ. ಈಗ ಆ ಜಾಗದಲ್ಲಿ ಒಂದು ಹಾಡು ಇಟ್ಟಿದ್ದೇವೆ. ಎಲ್ಲರಿಗೂ ಸಮಾಧಾನವಾಗಿದೆ.

ಮುಂದಿನ ವಾರ ಹೊಸದುರ್ಗದಲ್ಲಿ ಮೂರು ದಿನದ ಉಜ್ಜೀವನ ಕೂಟ. ಕೊನೆಯ ದಿನದ ಸಂದೇಶ ನನ್ನದು. ದೊಡ್ಡಪ್ಪನವರ ಜೀವನವನ್ನೇ ದೃಷ್ಟಾಂತವಾಗಿ ತೆಗೆದುಕೊಂಡಿದ್ದೇನೆ. ಮೊಬೈಲಿನಲ್ಲೂ ಬರುತ್ತದೆ. ತಪ್ಪದೆ ನೋಡಿ, ನಿಮಗೆ ಸಂತೋಷವಾಗುತ್ತದೆ.

ನಿಮ್ಮ ತಮ್ಮ,
ಪ್ರಭು


ಹೊಳಲ್ಕೆರೆ
29 ಜುಲೈ 2024

ಪ್ರಭು,

ನೋಡಿದೆವು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ನಾನೂ ರೋಜಾಳೂ ಅಡುಗೆಮನೆಯಲ್ಲಿ ಕೂತು ನೋಡಿದೆವು.

"ನಮ್ಮ ದೊಡ್ಡಪ್ಪ ಸಾಹುಕಾರನ ಮನೇಲಿ ಜೀತಕ್ಕಿದ್ರು. ಎಪ್ಪತ್ತಾರರಲ್ಲಿ ಸರ್ಕಾರ ಬಿಡುಗಡೆ ಕಾಗದ ಕೊಡ್ತು. ಮಾರನೇ ದಿನ ಬೆಳಗ್ಗೆ ದೊಡ್ಡಪ್ಪ ಏನ್ಮಾಡಿದ್ರು ಗೊತ್ತಾ? ಎದ್ದು, ಕಂಬಳಿ ಕೊಡವಿ, ಸೀದಾ ಸಾಹುಕಾರನ ಕೊಟ್ಟಿಗೆಗೇ ಹೋದ್ರು! ಸಗಣಿ ಬಾಚೋಕೆ! ಯಾಕೆ? ಕಾಗದ ಕೈಗೆ ಬಂದಿತ್ತು, ಜೀತ ರಕ್ತದಾಗೇ ಉಳಕಂಡಿತ್ತು!"

ಬೆನ್ನು ಬಗ್ಗಿಸಿ ಕೊಟ್ಟಿಗೆ ಕಡೆ ನಡೆದು ತೋರಿಸಿದೆ. ಜನ ನಕ್ಕರು. ಆಮೇಲೆ ನೀನು ದನಿ ಇಳಿಸಿದೆ, ಜನ ಅತ್ತರು. "ನಾವೂ ಹಂಗೇ ಅಲ್ವೇನ್ರಪ್ಪ? ಬಿಡುಗಡೆ ಆದೋರು, ಆದ್ರೂ ದಾಸರು" ಅಂದೆ. ರೋಜಾ ಮೊಬೈಲನ್ನು ಬೋರಲು ಹಾಕಿದಳು.

ಪ್ರಭು, ನನ್ನಪ್ಪ ಯಾಕೆ ಹೋದ?

ಅಧಿಕಾರಿಗಳು ಬಂದ ದಿನ ಸಾಹುಕಾರ ಅಪ್ಪನ ತಮ್ಮನನ್ನು, ಚಿತ್ತಯ್ಯ ಚಿಕ್ಕಪ್ಪನನ್ನು, ಕುರಿ ಹಿಂದೆ ಗುಡ್ಡಕ್ಕೆ ಅಟ್ಟಿದ್ದ. ಹಾಗಾಗಿ ಅಪ್ಪನಿಗೆ ಕಾಗದ ಬಂತು, ಚಿಕ್ಕಪ್ಪನಿಗೆ ಬರಲಿಲ್ಲ. ಅಪ್ಪ ಹೋಗಿ ಸಾಹುಕಾರನನ್ನು ಕೇಳಿದರೆ, "ಅವ್ನು ನಮ್ಮನೆ ಹುಡ್ಗ ಕಣಲೇ, ಸಾಕ್ಕೊಂಡೀವಿ" ಅಂದ. "ಹಂಗಾರೆ ಅವನ ಕೆಲಸ ನಾನ್ ಮಾಡ್ತೀನಿ, ಅವನ್ನ ಸ್ಕೂಲಿಗೆ ಬಿಡ್ರಿ" ಅಂದ ನನ್ನಪ್ಪ. ಬಿಡುಗಡೆಯಾದ ಮನುಷ್ಯ, ತಮ್ಮನ ಪಾಲಿನ ಸಗಣಿ ಬಾಚಲು ತಾನಾಗಿ ಹೋದ. ಊರವರು ಆಗಲೂ ನಿನ್ನ ಹಾಗೇ ನಕ್ಕಿದ್ದರು. ಚಿಕ್ಕಪ್ಪನಿಗೂ ಬಿಡುಗಡೆಯ ಕಾಗದ ಬರುವವರೆಗೆ ಹೋದ, ಬಂದ ದಿನ ನಿಲ್ಲಿಸಿದ. ಆ ದಿನವೇ ಸಾಹುಕಾರನಿಗೆ ಹೇಳುವುದನ್ನು ಹೇಳಿ ಬಂದದ್ದು, ತೊಲೆಯ ರೊಟ್ಟಿ ಕೆಳಗಿಳಿದದ್ದು.

ಅಪ್ಪ ಬಾಚಿದ ಆ ಸಗಣಿಯಿಂದ ಚಿಕ್ಕಪ್ಪ ಅಕ್ಷರ ಕಲಿತ. ಹಿರಿಯೂರಿನ ಕಚೇರಿಯಲ್ಲಿ ಜವಾನನಾದ. ಮದುವೆಯಾದ. ನೀನು ಹುಟ್ಟಿದೆ. ಇದೆಲ್ಲ ನಿನಗೆ ಗೊತ್ತಿರಲಿಲ್ಲ ಎಂದು ಮಾತ್ರ ಬರೆಯಬೇಡ. ಚಿಕ್ಕಪ್ಪ ಸಾಯುವ ಮುಂಚೆ ಇದನ್ನು ಹೇಳಿ ಹೇಳಿ ಅಳುತ್ತಿದ್ದಾಗ ತಲೆದಿಂಬು ಸರಿಪಡಿಸುತ್ತಿದ್ದವನು ನೀನು. ನಿನ್ನ ಅಪ್ಪನ ಬಿಡುಗಡೆಗಾಗಿ ಹೋದವನನ್ನು, ನೀನು ಹೊಡೆದದ್ದಕ್ಕೆ ನೆಪವಾಗಲಿ ಎಂದು, ಹೊಸದುರ್ಗದ ಮೈದಾನದಲ್ಲಿ ಮತ್ತೆ ಜೀತಕ್ಕೆ ಕಟ್ಟಿದೆ.

ಒಂದು ಮಾತು ನಿಜ. ಆಮೇಲೂ ಎಷ್ಟೋ ವರ್ಷ, ಬೆಳಗಿನ ಜಾವ ಸಾಹುಕಾರನ ಕೆಮ್ಮು ಕೇಳಿದರೆ ಅಪ್ಪ ಚಾಪೆಯ ಮೇಲೆ ಎದ್ದು ಕೂರುತ್ತಿದ್ದ. ಅಮ್ಮ, "ಮಲಕ್ಕಳ್ರಿ, ಯಾರೂ ಕರೀತಿಲ್ಲ" ಅನ್ನುತ್ತಿದ್ದಳು. ಅಪ್ಪ ನಕ್ಕು, "ಕಿವಿಗೆ ಇನ್ನೂ ಬಿಡುಗಡೆ ಕಾಗದ ಬಂದಿಲ್ಲ ಕಣೆ" ಅನ್ನುತ್ತಿದ್ದ. ಆದರೆ ಎದ್ದು ಕೂತ, ಎದ್ದು ಹೋಗಲಿಲ್ಲ. ಮೈದಾನದಲ್ಲಿ ನೀನು ಕೇಳಿದ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರ ಇಷ್ಟೇ. ಹಳೆಯ ಯಜಮಾನನ ದನಿ ಕಿವಿಯಲ್ಲಿ ಉಳಿಯುತ್ತದೆ. ಒಡೆತನ ಉಳಿಯುವುದಿಲ್ಲ.

ಇನ್ನೊಂದು ವಿಷಯ. ಮೆಷಿನ್ನು ಬಂತು. ರೋಜಾ ಎಣ್ಣೆ ಹಾಕಿ, ದಾರ ಪೋಣಿಸಿ, ಕೆಳಗಿನ ತಟ್ಟೆ ಸರಿಸಿ ನೋಡಿದಳು. ಬಾಬಿನ್ ಕೇಸ್ ಇಲ್ಲ. ಕೆಳದಾರದ ಬಾಬಿನ್ನನ್ನು ಕೂರಿಸುವ ಆ ನಾಣ್ಯದಗಲದ ಉಕ್ಕಿನ ಗೂಡು ಇಲ್ಲದಿದ್ದರೆ ಮೆಷಿನ್ನು ಬರೀ ಸದ್ದು ಮಾಡುತ್ತದೆ. ಅದು ತಾನಾಗಿ ಬೀಳುವ ವಸ್ತುವಲ್ಲ, ಬೆರಳಲ್ಲಿ ಚಿಲಕ ಎತ್ತಿ ಎಳೆಯಬೇಕು.

ಹೊಡೆದವನು ಹಳೆಯ ಮನುಷ್ಯ ಅಂದೆ, ಕೈ ಎದ್ದದ್ದು ತಿಳಿಯಲಿಲ್ಲ ಅಂದೆ. ಚಿಲಕ ಎತ್ತಿ, ಬಾಬಿನ್ ಕೇಸನ್ನು ಎಳೆದು ಜೇಬಿಗೆ ಹಾಕಿಕೊಂಡವನು ಯಾರು? ಅದಕ್ಕೆ ಸಿಟ್ಟು ಬೇಕಿಲ್ಲ ಪ್ರಭು, ಯೋಚನೆ ಬೇಕು.

ಯಶೋದಾ


ಹಿರಿಯೂರು
14 ಆಗಸ್ಟ್ 2024

ಯಶೋದಕ್ಕನವರಿಗೆ,

ದೃಷ್ಟಾಂತ ದೃಷ್ಟಾಂತವೇ. ಜನರ ಮನಸ್ಸಿಗೆ ಮುಟ್ಟಲು ಸ್ವಲ್ಪ ಹೆಚ್ಚು ಕಡಿಮೆ ಹೇಳುವುದು ಎಲ್ಲ ಪ್ರಸಂಗಿಗಳ ರೂಢಿ. ಆ ದಿನ ಹೊಸದುರ್ಗದಲ್ಲಿ ಎಷ್ಟೋ ಜನ ಕಣ್ಣೀರಿನಿಂದ ಮುಂದೆ ಬಂದರು. ದೊಡ್ಡಪ್ಪ ಇದ್ದಿದ್ದರೆ ಅದನ್ನು ನೋಡಿ ಸಂತೋಷಪಡುತ್ತಿದ್ದರು. ಬಾಬಿನ್ ಕೇಸ್ ಆಟೋದಲ್ಲಿ ಎಲ್ಲೋ ಬಿದ್ದಿರಬೇಕು.

ಸಭೆಯ ಹಿರಿಯರಾದ ತಿಮ್ಮರಾಯಪ್ಪನವರು, ಸೇವಕನ ಮನೆ ಹೆಣ್ಣುಮಗಳು ಇಷ್ಟು ದಿನ ಹೊರಗಿದ್ದರೆ ಸಭೆಯ ಹೆಸರೂ ಸಾಕ್ಷಿಯೂ ಕೆಡುತ್ತವೆ ಎನ್ನುತ್ತಿದ್ದಾರೆ. ಈ ಸಭೆ ಒಡೆದರೆ ಅದಕ್ಕೆ ಉತ್ತರ ಕೊಡಬೇಕಾದವರು ನೀವು. ಸೆಪ್ಟೆಂಬರ್ ಮೊದಲನೇ ತಾರೀಖು ಭಾನುವಾರ, ರೊಟ್ಟಿ ಮುರಿಯುವ ದಿನ. ರೋಜಾ ಬಂದು ಕೂತರೆ ಎಲ್ಲವೂ ಸರಿಹೋಗುತ್ತದೆ. ಅಷ್ಟನ್ನಾದರೂ ಅವಳಿಗೆ ಹೇಳಿ.

ಪ್ರಭು


ಹಿರಿಯೂರು
2 ಸೆಪ್ಟೆಂಬರ್ 2024

ಯಶೋದಕ್ಕ,

ಫೋನಲ್ಲಿ ಹೇಳಿದರೆ ಅಳುತ್ತೇನೆ, ಅದಕ್ಕೆ ನಿಮ್ಮ ಹಾಗೆ ಬರೆಯುತ್ತಿದ್ದೇನೆ. ಮರುಳಸಿದ್ದಮ್ಮಜ್ಜಿ ಮನೆಯಲ್ಲಿದ್ದೇನೆ. ಹಳ್ಳಿಯಲ್ಲಿ ನಿಮ್ಮ ಕೇರಿಯಲ್ಲೇ ಇದ್ದವರಲ್ಲವಾ, ನಿಮ್ಮ ಸುದ್ದಿಯೇ ಸುದ್ದಿ.

ನೀವು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ನಾನೇ ಹೋದೆ. ಹೆಂಗಸರ ಸಾಲಿನಲ್ಲಿ ನನ್ನ ಜಾಗದಲ್ಲಿ ಕೂತೆ. ಇವರು ನನ್ನನ್ನು ನೋಡಿ ಎಷ್ಟು ಖುಷಿಪಟ್ಟರು ಅಂದರೆ, ಪ್ರಾರ್ಥನೆಯಲ್ಲಿ ದನಿ ಇನ್ನೂ ಮೆತ್ತಗಾಯಿತು. ಅಕ್ಕ, ನಿಜ ಹೇಳುತ್ತೇನೆ, ಆ ದನಿ ಕೇಳಿ ಎದ್ದು ಮನೆಗೇ ಹೋಗಿಬಿಡೋಣ, ಸಾರು ಮಾಡಿಬಿಡೋಣ ಅನ್ನಿಸಿತು. ನಿಮ್ಮಪ್ಪನ ಕಿವಿ ನೆನಪಾಯಿತು. ಕೂತೇ ಇದ್ದೆ.

ರೊಟ್ಟಿ ಮುಂದಿಟ್ಟುಕೊಂಡರು. ಕೇಳಲಿಲ್ಲ. ಹಾಡಿನ ನಂಬರು ಹೇಳಿದರು. ನಾನು ಎದ್ದು ನಿಂತು, "ಕೇಳ್ರಿ" ಅಂದೆ. ಕೇಳಿಸದವರ ಹಾಗೆ ಹಾಡು ಶುರು ಮಾಡಿದರು.

ಅಜ್ಜಿ ಕೂತಲ್ಲಿಂದಲೇ ಕೂಗಿತು. "ಲೇ ಪ್ರಭು, ಹಾಡು ಆಮ್ಯಾಕೆ ಇರ್ಲಿ. ಹೆಂಡ್ತಿ ಕೇಳು ಅಂತಾಳೆ, ಕೇಳಕ್ಕೇನು ರೋಗ ನಿಂಗೆ?"

ತಿಮ್ಮರಾಯಪ್ಪನವರು, "ಅಜ್ಜೀ, ಆರಾಧನೆ ನಡೀತೈತೆ, ಸುಮ್ಕಿರ್ರಿ" ಅಂದರು.

"ಆರಾಧನೇಲಿ ಕೇಳ್ದೆ ಸಂತೇಲಿ ಕೇಳ್ತಾರೇನಪ್ಪ? ದುರುಗಣ್ಣ ಇದ್ದಾಗಿಂದ ಕೇಳ್ತಾ ಬಂದೈತೆ."

ಹಾಡು ನಿಂತಿತು. ಇವರು ನನ್ನ ಕಡೆ ನೋಡದೆ ಕೇಳಿದರು. "ಯಾರಿಗಾದ್ರೂ ಯಾರ ಮ್ಯಾಲಾದ್ರೂ ಏನಾದ್ರೂ ಐತಾ?" ಎಲ್ಲರೂ ಇಲ್ಲ ಅಂದರು. ಆಮೇಲೆ ನಾನು ಅಂದೆ, "ಐತೆ."

ಯಾರ ಮೇಲೆ ಅಂತ ಯಾವತ್ತೂ ಕೇಳುವ ಪದ್ಧತಿ ಇಲ್ಲವಲ್ಲ ಅಕ್ಕ. ನಾನೇ ಹೇಳಿದೆ. "ನಿಮ್ಮ ಮ್ಯಾಲೆ ಐತೆ."

"ಮನೇಲಿ ಮಾತಾಡಾಣ ರೋಜಾ" ಅಂದರು, ಮೆಲ್ಲಗೆ, ನಗುಮುಖದಲ್ಲಿ.

"ಮನೇಲಿ ಹೊಡೆದ್ರಿ. ಇಲ್ಲೇ ಮಾತಾಡಾಣ" ಅಂದೆ.

ನನಗೆ ಅಷ್ಟು ಧೈರ್ಯ ಎಲ್ಲಿತ್ತೋ. ಹೇಳಿದೆ. ಕೆನ್ನೆ, ಉಂಗುರ, ನಿಮ್ಮ ಮಂಡಿ ನೋವು, ಬಾಬಿನ್ ಕೇಸ್, ಎಲ್ಲ. ಹೊಡೆಸಿಕೊಂಡು ಬಂದು ಇಲ್ಲೇ ಕೂತು ಇಲ್ಲ ಇಲ್ಲ ಅಂದದ್ದನ್ನೂ ಹೇಳಿದೆ. ಇವರು ಬಾಯಿ ತೆರೆದು, "ಪೌಲನಂಥವನೂ" ಅಂತ ಶುರು ಮಾಡಿದರು. ಅಜ್ಜಿ, "ಪೌಲನ್ನ ಬಿಡಪ್ಪಾ, ಅವನಿಗೆ ಹೆಂಡ್ತಿ ಇರ್ಲಿಲ್ಲ. ನಿನ್ ಸಮಾಚಾರ ಹೇಳು" ಅಂದಿತು. ಯಾರೋ ನಕ್ಕರು, ತಕ್ಷಣ ನಿಲ್ಲಿಸಿದರು. ಆ ಗಂಟಲು ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು.

ಅಜ್ಜಿ ಎದ್ದು ಹೋಗಿ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಿತು. ಅರ್ಧ ಜನ ನನ್ನನ್ನು ಮಾತಾಡಿಸದೆ ಹೋದರು. ತಿಮ್ಮರಾಯಪ್ಪನವರು, "ಸಭೆ ಮಾನ ಕಳೆದ್ಯಲ್ಲಮ್ಮ" ಅಂದರು. ಕಾಲೇಜಿಗೆ ಹೋಗುವ ಕಾವ್ಯ ಮಾತ್ರ ಬಸ್‌ಸ್ಟ್ಯಾಂಡಿಗೆ ನಾನು ಬಿಡ್ತೀನಿ ಆಂಟಿ ಅಂದಳು.

ಈ ಕಾಗದ ಮೊದಲು ಬರುತ್ತದೋ ನಾನು ಮೊದಲು ಬರುತ್ತೇನೋ. ಅಜ್ಜಿಯ ಸೊಸೆಗೆ ಬ್ಲೌಸು ಕತ್ತರಿಸಿಕೊಟ್ಟು ಹೊರಡುತ್ತೇನೆ.

ನಿಮ್ಮ,
ರೋಜಾ


ಹಿರಿಯೂರು
30 ಸೆಪ್ಟೆಂಬರ್ 2024

ಅಕ್ಕ,

ಈ ತಿಂಗಳು ನಾನು ಪ್ರಸಂಗ ಮಾಡಿಲ್ಲ. ಮಾಡಬೇಡ ಅಂತ ಯಾರೂ ಹೇಳಲಿಲ್ಲ. ತಿಮ್ಮರಾಯಪ್ಪ ಮಾಡು ಅಂತಲೇ ಹೇಳಿದರು. ನಿಂತೆ, ಆಗಲಿಲ್ಲ.

ನಾನು ಹೊಡೆದೆ. ಕೈ ಎದ್ದದ್ದು ನನಗೆ ಗೊತ್ತಿತ್ತು. ಹೊಡೆದ ಮೇಲೆ ಇವಳು ಯಾರಿಗೂ ಹೇಳಲ್ಲ ಅನ್ನುವುದೂ ಗೊತ್ತಿತ್ತು. ಬಾಬಿನ್ ಕೇಸ್ ತೆಗೆದಿಟ್ಟುಕೊಂಡದ್ದು ನಾನೇ. ಅದಿಲ್ಲದಿದ್ದರೆ ಕೆಲಸ ನಿಂತು, ವಾಪಸ್ ಬರುತ್ತಾಳೆ ಅಂದುಕೊಂಡೆ. ಇದರ ಜೊತೆ ಕಳಿಸಿದ್ದೇನೆ.

ಒಂದೇ ಕೇಳುತ್ತೇನೆ, ವಾದಕ್ಕಲ್ಲ. ನೀರಲ್ಲಿ ಮುಳುಗಿ ಎದ್ದದ್ದು ಸುಳ್ಳಾ ಅಕ್ಕ? ನಾನು ಇನ್ನೂ ಜೀತದಲ್ಲೇ ಇದ್ದೀನಾ? ಮತ್ತೆ, ಆ ರೊಟ್ಟಿ ಯಾವತ್ತು ವಾಪಸ್ ಬರುತ್ತೆ ಅಂತ ಸಭೆಯವರು ಕೇಳುತ್ತಿದ್ದಾರೆ. ಅದು ಬರುವವರೆಗೆ ಬೇರೆ ರೊಟ್ಟಿ ತಟ್ಟಲು ಅಜ್ಜಿ ಬಿಡುತ್ತಿಲ್ಲ.

ಪ್ರಭು


ಹೊಳಲ್ಕೆರೆ
9 ಅಕ್ಟೋಬರ್ 2024

ಪ್ರಭು,

ಬಾಬಿನ್ ಕೇಸ್ ತಲುಪಿತು. ಹೊಸದನ್ನು ಮೆಷಿನ್ನು ಬಂದ ದಿನವೇ ಇಲ್ಲಿಯ ಪೇಟೆಯಲ್ಲಿ ತಂದಿದ್ದೆವು. ಆ ಸಂಜೆಯೇ ರೋಜಾ ಎರಡು ಬ್ಲೌಸು ಹೊಲಿದಳು. ಹೊಳಲ್ಕೆರೆಯಲ್ಲಿ ಬಾಬಿನ್ ಕೇಸ್ ಸಿಗುವುದಿಲ್ಲ ಎಂದು ನಂಬಿ, ಅಷ್ಟು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಪ್ರಸಂಗ ಮಾಡಿದೆಯಲ್ಲ. ಕಟ್ಟಿಹಾಕಿದ್ದೇನೆ ಎಂದುಕೊಂಡಿದ್ದೆ. ಅವಳು ಯಾವತ್ತೋ ಎದ್ದು ಹೋಗಿದ್ದಳು.

ನಿನ್ನ ಈ ಕಾಗದವನ್ನು ನಾನು ಎರಡು ಸಲ ಓದಿದೆ. ನೀನು ಬರೆದವುಗಳಲ್ಲಿ ಎರಡು ಸಲ ಓದುವಂಥದ್ದು ಇದೊಂದೇ. ರೋಜಾಳಿಗೂ ಕೊಟ್ಟೆ. ಓದಿ, ಮಡಿಸಿ, "ಇಟ್ಟಿರ್ರಿ" ಅಂದಳು. ಅದಕ್ಕಿಂತ ಹೆಚ್ಚು ನಾನು ಕೇಳಲಿಲ್ಲ. ಅವಳ ಉತ್ತರವನ್ನು ಅವಳೇ ಕೊಡುತ್ತಾಳೆ. ಈ ವರ್ಷ, ಮುಂದಿನ ವರ್ಷ, ಅಥವಾ ಎಂದಿಗೂ ಇಲ್ಲ. ನೀನು ಬಂದು ಬಾಗಿಲಲ್ಲಿ ನಿಲ್ಲಬೇಡ.

ಜೀತದಲ್ಲೇ ಇದ್ದೀನಾ ಎಂದು ಕೇಳಿದ್ದೀಯ. ಇಲ್ಲ. ನೀರು ಸುಳ್ಳಲ್ಲ. ಆ ದಿನ ದಡದಲ್ಲಿ ನಿಂತು ನಾನು ನೋಡಿದ್ದು ನಿಜ. ಅಲ್ಲಿಂದ ಇಲ್ಲಿಯವರೆಗೆ ನೀನು ಹೆಂಡ ಮುಟ್ಟಿಲ್ಲ ಎಂಬುದೂ ನನಗೆ ಗೊತ್ತು. ನಿನ್ನ ಜೀತ ಮುಗಿದಿದೆ, ನನ್ನ ಸಿಟ್ಟೇ ಅದು. ನೀನು ಇನ್ನೂ ಜೀತದಾಳಾಗಿದ್ದರೆ ನಿನ್ನ ಮೇಲೆ ಕನಿಕರ ಪಡುತ್ತಿದ್ದೆ, ಹೊಡೆಸಿದ ಯಜಮಾನನನ್ನು ಬಯ್ಯುತ್ತಿದ್ದೆ. ಬಿಡುಗಡೆಯಾದವನು ಹೊಡೆದ. ಬಿಡುಗಡೆಯಾದವನು ಸುಳ್ಳು ಹೇಳಿದ. ಅದಕ್ಕೇ ಅದು ದ್ರೋಹ.

ರೋಜಾ ತನ್ನದನ್ನು ನಿನ್ನ ಮುಖಕ್ಕೆ ಹೇಳಿದಳು. ನನ್ನದು ಇನ್ನೂ ಇದೆ. ನಿನ್ನ ಕಾಗದದಲ್ಲಿ ಕೆನ್ನೆ ಬಂತು, ಬಾಬಿನ್ ಕೇಸ್ ಬಂತು, ನನ್ನಪ್ಪ ಬರಲಿಲ್ಲ. ಹೊಸದುರ್ಗದ ಮೈದಾನದಲ್ಲಿ ಅಷ್ಟು ಜನರ ಎದುರು ಅವನ ಬೆನ್ನು ಬಗ್ಗಿಸಿದವನು, ಅದೇ ಮೈದಾನದಲ್ಲಿ, ಅಷ್ಟೇ ಜನರ ಎದುರು ಅದನ್ನು ನೆಟ್ಟಗೆ ಮಾಡಬೇಕು. ಅವನು ಕೊಟ್ಟಿಗೆಗೆ ಯಾಕೆ ಹೋದ, ಯಾರಿಗಾಗಿ ಹೋದ, ಯಾವತ್ತು ನಿಲ್ಲಿಸಿದ ಎಂದು ಹೇಳಬೇಕು. ಗಂಟಲು ಬಳಸಬೇಡ. ಬರೆದುಕೊಂಡು ಹೋಗಿ ಓದು.

ಸಭೆಯವರಿಗೆ ಹೇಳು, ಅಲ್ಲಿಯವರೆಗೆ ರೊಟ್ಟಿ ನಮ್ಮ ಅಡುಗೆಮನೆಯಲ್ಲೇ ತೂಗುತ್ತದೆ. ರೋಜಾ ಅದನ್ನು ತನ್ನ ಮೆಷಿನ್ನಿನ ಮೇಲಿನ ಮೊಳೆಗೆ ಕಟ್ಟಿದ್ದಾಳೆ. ದಿನಾ ನೋಡುತ್ತೇವೆ. ನಮಗೇನೂ ಅವಸರವಿಲ್ಲ. ಜೋಳದ ರೊಟ್ಟಿ ಪ್ರಭು, ಬೇಗ ಕೆಡುವುದಿಲ್ಲ.

ದುರುಗಣ್ಣನ ಮಗಳು,
ಯಶೋದಾ